ಹಿತ್ತಲ ಪಡೆ, ಅಂಗಳದ ಪಡೆ

ಮಾರ್ಚ್ 3, ಸೋಮವಾರ

ಇವತ್ತೂ ಪ್ಲಾಸ್ಟರ್. ಬೆಳಗ್ಗಿಂದ ಕಲಸಿದ್ದು, ಅಚ್ಚಿಗೆ ಹೊಯ್ದದ್ದು, ಒಣಗಿದ್ದನ್ನು ತಿಕ್ಕಿದ್ದು. ವರ್ಷಗಟ್ಟಲೆ ಪಿಂಗಾಣಿ ಹಲ್ಲಿಗೆ ಬಣ್ಣ ಕಟ್ಟಿದ ಕೈ ಇದು. ನಾನು ಮಾಡಿದ ಹಲ್ಲನ್ನು ಬಾಯಲ್ಲಿ ಕೂರಿಸಿದರೆ ಹುಟ್ಟಿದ್ದು ಯಾವುದು, ಕಟ್ಟಿಸಿದ್ದು ಯಾವುದು ಅಂತ ಡಾಕ್ಟರೇ ತಡವರಿಸುತ್ತಿದ್ದರು. ಈ ಪರದೇಶದ ಲ್ಯಾಬಿನಲ್ಲಿ ನಮ್ಮೂರ ಸರ್ಟಿಫಿಕೇಟಿಗೆ ಒಪ್ಪಿಗೆ ಸಿಗುವ ತನಕ ಬ್ರಷ್ ಮುಟ್ಟುವಂತಿಲ್ಲವಂತೆ. ಮೇಲ್ವಿಚಾರಕಿ ಅದನ್ನು ನಗುನಗುತ್ತಾ ಹೇಳುತ್ತಾಳೆ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಹಲ್ಲು ಮಾಡುವವಳು ಹಲ್ಲು ಕಚ್ಚಿಕೊಂಡು ಕೂತಿದ್ದೇನೆ.

ಅತ್ತಿಗೆ ಫೋನ್ ಮಾಡಿದ್ದಳು. ಕೆಲಸ ಹೇಗಿದೆ ಎಂದಳು. ತುಂಬಾ ನಾಜೂಕಿನ ಕೆಲಸ ಎಂದೆ. ಕೂದಲಲ್ಲೆಲ್ಲ ಪ್ಲಾಸ್ಟರ್ ಪುಡಿ, ಬಾಯಲ್ಲಿ ಈ ಮಾತು. ಅಣ್ಣ ಪಕ್ಕದಲ್ಲೇ ಇದ್ದ, ಕೆಮ್ಮಿದ್ದು ಕೇಳಿಸಿತು. ಫೋನ್ ತೆಗೆದುಕೊಳ್ಳಲಿಲ್ಲ. ಕಿವಿಯ ಹತ್ತಿರ ಕೂದಲು ನೆರೆತಿರುವ ಗಂಡಸು, ಸ್ಕೂಲ್ ಹುಡುಗನ ಥರ ಠೂ ಬಿಟ್ಟು ಕೂತಿದ್ದಾನೆ. ಕೂತಿರಲಿ.

ಮಾರ್ಚ್ 9, ಭಾನುವಾರ

ರೂಮಿನಲ್ಲಿ ಕೂತರೆ ಗೋಡೆ ಮೈಮೇಲೆ ಬರುತ್ತದೆ ಅಂತ ನಡೆಯಲು ಹೋದೆ. ಬಸ್ ಸ್ಟಾಪಿನಾಚೆ ಒಂದು ಸೈಕಲ್ ಅಂಗಡಿ. ಅದರ ಮೇಲಿನ ಕಿಟಕಿಯಲ್ಲಿ ಬೆರಳಿನ ಗೆಣ್ಣಿನಷ್ಟು ಎತ್ತರದ ಗೊಂಬೆ ಸೈನಿಕರ ಸಾಲು. ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಕೂತವನು ಮೇಲಿಂದ ಕೆಳಗೆ ನೋಡಿದ.

"ಗಂಡನ್ನ ಕರ್ಕೊಂಡು ಹೋಗೋಕ್ ಬಂದ್ರಾ?"

"ಇಲ್ಲ, ಯುದ್ಧ ಮಾಡೋಕ್ ಬಂದೆ," ಎಂದೆ. ಇಲ್ಲಿನ ಭಾಷೆಯಲ್ಲಿ ನಾನು ಹೇಳಿದ ಮೊದಲ ಸರಿಯಾದ ವಾಕ್ಯ ಇದೇ ಇರಬೇಕು.

ಒಳಗೆ ಯುದ್ಧದಾಟದ ಕ್ಲಬ್ಬು. ಉದ್ದುದ್ದ ಮೇಜು, ಹಸಿರು ಬಟ್ಟೆ, ಥರ್ಮಾಕೋಲಿನ ಗುಡ್ಡ. ದೊಡ್ಡ ದೊಡ್ಡ ಗಂಡಸರು ಟೇಪು ಹಿಡಿದು ಕುದುರೆ ಎಷ್ಟು ದೂರ ಓಡಬಹುದು ಅಂತ ಅಳೆಯುತ್ತಿದ್ದಾರೆ, ದಾಳ ಹಾಕುತ್ತಿದ್ದಾರೆ. ಒಬ್ಬನೂ ನಗುವುದಿಲ್ಲ. ಆಟ ಇಷ್ಟವಾಯಿತು. ಬಣ್ಣ ನೋಡಿ ಹೊಟ್ಟೆ ಉರಿಯಿತು. ಇಡೀ ಪಡೆಗೆ ಒಂದೇ ಗುಲಾಬಿ ಮುಖ, ಸುಣ್ಣ ಬಳಿದ ಹಾಗೆ ಹಲ್ಲು. ಹಲ್ಲು ಯಾವತ್ತಾದರೂ ಬಿಳಿ ಇರುತ್ತದಾ?

ರಿಟೈರ್ ಆದ ಬಸ್ ಡ್ರೈವರ್ ಒಬ್ಬರು ಕರೆದು ಕೂರಿಸಿಕೊಂಡರು. ಬಸ್ಸಜ್ಜ ಅಂತ ಹೆಸರಿಟ್ಟೆ, ಮನಸ್ಸಿನಲ್ಲೇ. ಮೊದಲು ಅಳತೆ ಗೊತ್ತುಮಾಡಿಕೋ, ಆಮೇಲೆ ದೇಶ, ಆಮೇಲೆ ಬಣ್ಣ ಎಂದರು. ಅಳತೆ ತಪ್ಪಿದರೆ ಒಂದು ಪಡೆ ಇನ್ನೊಂದರ ಜೊತೆ ನಿಲ್ಲುವುದೇ ಇಲ್ಲವಂತೆ. ಅವರದು ಹದಿನೈದು ಮಿಲಿಮೀಟರ್, ಪಾದದಿಂದ ಕಣ್ಣಿನ ತನಕ. ತಲೆಯ ತನಕ ಯಾಕಲ್ಲ ಎಂದರೆ ಟೋಪಿ ಇರುತ್ತದಲ್ಲ ಎಂದರು.

ಮಾರ್ಚ್ 14, ಶುಕ್ರವಾರ

ಗೊತ್ತಾಯಿತು. ಯಾವ ದೇಶದ ಪಡೆಯೂ ಬೇಡ. ನಮ್ಮದೇ ಮಾಡುತ್ತೇನೆ.

ನಾವು ಚಿಕ್ಕವರಿದ್ದಾಗ ಅಪ್ಪನ ಹಲ್ಲಿನ ಲ್ಯಾಬಿನಲ್ಲಿ ಕೆಟ್ಟುಹೋದ ಹಲ್ಲೆಲ್ಲ ಒಂದು ಡಬ್ಬಿಗೆ ಬೀಳುತ್ತಿತ್ತು. ಆ ಡಬ್ಬಿ ನಮ್ಮ ಸೈನ್ಯ. ಬಾಚಿಹಲ್ಲು ಕಾಲಾಳು. ದವಡೆಹಲ್ಲು ಆನೆ, ಮಗುಚಿಟ್ಟರೆ ನಾಲ್ಕು ಕಾಲೂ ಇರುತ್ತಿದ್ದವು. ಕೋರೆಹಲ್ಲು ಸೇನಾಪತಿ. ಅಣ್ಣನದು ಅಂಗಳದ ಪಡೆ, ನನ್ನದು ಹಿತ್ತಲ ಪಡೆ, ಹೊಸ್ತಿಲು ಗಡಿ. ಒಂದು ಯುದ್ಧವೂ ಮುಗಿಯಲಿಲ್ಲ. ಸೋಲು ಕಂಡ ತಕ್ಷಣ ಅಣ್ಣ ಕಾಲಲ್ಲಿ ಎಲ್ಲ ಚೆಲ್ಲಾಡಿ, ಆಟ ಕೆಟ್ಟಿತು ಅನ್ನುತ್ತಿದ್ದ. ಕೆಡಿಸಿದವನು ತಾನು!

ದೊಡ್ಡವನಾದರೂ ಅದೇ ಬುದ್ಧಿ. ಅಪ್ಪನ ನಂತರ ಲ್ಯಾಬು ಇಬ್ಬರದೂ ಆಗಿತ್ತು. ಹೋದ ವರ್ಷ ನನ್ನನ್ನೊಂದು ಮಾತು ಕೇಳದೆ ತಾನೇ ಹಲ್ಲು ಕೊರೆದು ಕೊಡುವ ಮೆಷಿನ್ ತಂದು ನನ್ನ ಬೆಂಚಿನ ಜಾಗದಲ್ಲಿ ನಿಲ್ಲಿಸಿದ. ಇನ್ಮೇಲೆ ನಿನ್ನ ಕೈಗೆ ರೆಸ್ಟು ಎಂದ. ರೆಸ್ಟು ಯಾರು ಕೇಳಿದ್ದರು? ಬ್ರಷ್ ಕೆಲಸ ಎಲ್ಲಿ ಉಳಿದಿದೆಯೋ ಅಲ್ಲಿಗೆ ಹೋಗುತ್ತೇನೆ ಅಂತ ಹೊರಟೆ. ಹೊರಡುವ ದಿನ ಬಾಗಿಲಲ್ಲಿ ಬ್ಯಾಗ್ ಹಿಡಿದು, ಬರ್ತೀನಿ ಎಂದೆ. ಎಲ್ಲರೂ ಹೇಳುವ ಹಾಗೆ. ಮೆಷಿನ್ನಿನಿಂದ ತಲೆ ಎತ್ತದೆ ಅವನಂದ, "ಹೋಗು."

ಹೋಗಿ ಬಾ ಅನ್ನಲಿಲ್ಲ. ಹೋಗು. ಒಂದಕ್ಷರ ಜಾಸ್ತಿ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಗುರುತಿಲ್ಲದ ಸೇಲ್ಸ್‌ಮನ್‌ಗೂ ಹೋಗ್ಬನ್ನಿ ಅನ್ನುವ ಬಾಯಿ ಅದು. ಆ ಮಾತು ಅವನು ವಾಪಸ್ ತೆಗೆದುಕೊಳ್ಳುವ ತನಕ ನಾನಾಗಿ ಫೋನ್ ಮಾಡುವುದಿಲ್ಲ.

ಎರಡೂ ಪಡೆ ನಾನೇ ಮಾಡುತ್ತೇನೆ. ಅಂಗಳದ್ದು ಕಾವಿ ಕೆಂಪು, ಹಿತ್ತಲದ್ದು ಬಾಳೆ ಎಲೆಯ ಹಸಿರು. ಅವನ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಚೆಂದ ಮಾಡಿ, ಒಬ್ಬೊಬ್ಬರನ್ನಾಗಿ ಸೋಲಿಸುತ್ತೇನೆ. ಯಾವ ಕಾಲು ಬಂದು ಕೆಡಿಸುತ್ತದೋ ನೋಡೋಣ.

ಮಾರ್ಚ್ 30, ಭಾನುವಾರ

ರೂಮಿನಲ್ಲಿ ಮೇಜಿಲ್ಲ. ಇಸ್ತ್ರಿ ಹಲಗೆಯೇ ರಣರಂಗ. ಮೇಣದಲ್ಲಿ ಕೆತ್ತಿ, ಅಚ್ಚು ತೆಗೆದು, ಎರಕ ಹೊಯ್ಯುತ್ತಿದ್ದೇನೆ. ಪ್ಲಾಸ್ಟರ್ ಕಲಸುವುದರಲ್ಲಂತೂ ಈಗ ನನ್ನನ್ನು ಮೀರಿಸುವವರಿಲ್ಲ. ಮನೆಯೊಡತಿ ವಾಸನೆ ಹಿಡಿದು ಬಂದಳು. ಬಣ್ಣದ ವಾಸನೆ ಪರದೆಗೆ ಅಂಟುತ್ತದಂತೆ. ಸೈನಿಕರನ್ನು ನೋಡಿ ಮುಖ ಮೆತ್ತಗೆ ಮಾಡಿಕೊಂಡು, ಮಕ್ಕಳನ್ನು ಊರಲ್ಲಿ ಬಿಟ್ಟು ಬಂದೆಯಾ ಪಾಪ ಎಂದಳು. ಮಕ್ಕಳಿಲ್ಲ, ಇದು ನನಗೇ ಎಂದೆ. ಆಗ ಇನ್ನೂ ಜಾಸ್ತಿ ಪಾಪ ಅನ್ನಿಸಿತು ಅವಳಿಗೆ. ಬಾಗಿಲು ಹಾಕಿಕೊಂಡೆ, ಸ್ವಲ್ಪ ಜೋರಾಗಿಯೇ.

ಅತ್ತಿಗೆಯ ಜೊತೆ ಅರ್ಧ ಗಂಟೆ ಮಾತು. ಬಾಯಿ ತಡೆಯದೆ ಪಡೆಯ ವಿಷಯ ಹೇಳಿಬಿಟ್ಟೆ. ಹಿತ್ತಲು, ಅಂಗಳ, ಹಸಿರು, ಕಾವಿ ಕೆಂಪು, ಎಲ್ಲ. ಅವಳಿಗೆ ನಗು. ಹೊಲಿಗೆ ಮೆಷಿನ್ ತುಳಿಯುತ್ತಲೇ ಕೇಳಿದಳು, "ಎಷ್ಟುದ್ದ ಇರ್ತಾವೆ?"

"ಒಂದೂವರೆ," ಎಂದೆ.

"ನಿಮ್ಮಣ್ಣಂಗೆ ಹೇಳ್ಲಾ?"

ಬೇಡ ಎಂದೆ. ಅವಳಿಗೆ ಬೇಡ ಎಂದರೆ ಖಂಡಿತ ಹೇಳು ಅಂತ ಅರ್ಥ. ಗೊತ್ತಿದ್ದೇ ಹೇಳಿದೆನೋ ಏನೋ.

ಏಪ್ರಿಲ್ 6, ಭಾನುವಾರ

ಹಿತ್ತಲ ಪಡೆಯ ಮೊದಲ ಸಾಲು ಮೇಜಿಗಿಳಿಯಿತು. ಎದುರಿಗೆ ಬಸ್ಸಜ್ಜ. ನನ್ನ ಸೈನಿಕರ ಮುಖ ನೋಡಲು ಕನ್ನಡಕ ಬದಲಾಯಿಸಿದರು. ಒಬ್ಬ ಕಾಲಾಳು ಬಾಯಿ ತೆರೆದು ಕೂಗುತ್ತಿದ್ದಾನೆ, ಅವನ ಹಲ್ಲಿಗೆ ತುದಿಯಲ್ಲಿ ತಿಳಿ ಬೂದು, ಬುಡದಲ್ಲಿ ಹಳದಿ. ಅಜ್ಜ ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಕೋಪ ಇಳಿಯಿತು. ಒಂದು ಗಂಟೆ ಮಟ್ಟಿಗೆ.

ಆಟ ಅರ್ಧ ಆಗಿತ್ತು. ಕೊನೆಯ ಬಸ್ಸಿನ ಹೊತ್ತಾಯಿತು. ಬರುತ್ತೇನೆ ಅಂತ ಹೇಳಿ ಓಡಿದೆ.

ಏಪ್ರಿಲ್ 13, ಭಾನುವಾರ

ಬಸ್ಸಜ್ಜ ಗಂಟುಮುಖ ಹಾಕಿಕೊಂಡು ಕೂತಿದ್ದರು. ಮಾತಾಡಿಸಿದರೆ ಕ್ಯಾರೇ ಅನ್ನಲಿಲ್ಲ. ಕೊನೆಗೆ ಬಾಯಿಬಿಟ್ಟರು. ಹೋದ ವಾರ ನಾನು ಬರುತ್ತೇನೆ ಅಂದೆನಲ್ಲ, ಕಾಯುತ್ತಾ ಕೂತಿದ್ದರಂತೆ. ಎಲ್ಲರೂ ಹೋದ ಮೇಲೂ. ಮೇಜು ತೆಗೆಯಲು ಬಿಡದೆ, ದೀಪ ಆರಿಸಲು ಬಿಡದೆ. ಬೀಗದವನ ಕೈಯಲ್ಲಿ ಬೈಸಿಕೊಂಡು. "ಕೊಟ್ಟ ಮಾತಿಗೆ ಬೆಲೆ ಇಲ್ವಾ ನಿನಗೆ?" ಎಂದರು.

ನನಗೂ ರೇಗಿತು. ನಮ್ಮ ಭಾಷೆಯಲ್ಲಿ ಹೊರಡುವಾಗ ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತೇವೆ ಎಂದೆ. ಅದನ್ನೇ ಪದಕ್ಕೆ ಪದ ಇಲ್ಲಿನ ಭಾಷೆಗೆ ಹಾಕಿದ್ದೆ. ಅವರು ತಲೆ ಕೆರೆದುಕೊಂಡರು. ಹೋಗುವವರು ಬರುತ್ತೇನೆ ಅಂದರೆ, ಉಳಿದವರು ಏನನ್ನುತ್ತಾರೆ?

ಹೋಗಿ ಬಾ ಅನ್ನುತ್ತಾರೆ ಎಂದೆ.

"ಬರೀ ಹೋಗು ಅಂದ್ರೆ?"

ಯಾರು ಕೇಳು ಅಂದಿದ್ದರು ಇವರನ್ನು. ದಾಳ ಎತ್ತಿ ಉರುಳಿಸಿದೆ. ಸೋತೆ. ಆಟ ಮುಗಿಯುವ ತನಕ ಅವರು ಅದನ್ನು ಮತ್ತೆ ಕೇಳಲಿಲ್ಲ. ಹೊರಡುವಾಗ ಮಾತ್ರ ಬಾಗಿಲ ತನಕ ಬಂದು, ನಾಲಗೆ ಹೊರಳದಿದ್ದರೂ ನಮ್ಮ ಭಾಷೆಯಲ್ಲೇ ಹೇಳಿದರು, ಹೋಗಿ ಬಾ. ಯಾರದೋ ಅಜ್ಜ ಎರಡು ಗಂಟೆಯಲ್ಲಿ ಕಲಿತರು. ಒಡಹುಟ್ಟಿದವನಿಗೆ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ.

ಮೇ 25, ಭಾನುವಾರ

ತುಂಬಾ ದಿನವಾಯಿತು ಬರೆದು. ಸರ್ಟಿಫಿಕೇಟು ಸಾಲದಂತೆ, ಇನ್ನೊಂದು ವರ್ಷ ತರಬೇತಿಯಂತೆ. ಮೇಲ್ವಿಚಾರಕಿ ಈ ಸಲ ನಗಲಿಲ್ಲ, ಹೆಗಲ ಮೇಲೆ ಕೈಯಿಟ್ಟಳು. ಕೈ ತೆಗಿ ಎಂದೆ. ತಪ್ಪು ಅವಳದಲ್ಲ, ಗೊತ್ತು. ಯಾರದಾದರೂ ಆಗಬೇಕಲ್ಲ.

ಹಿತ್ತಲ ಪಡೆ ಮುಗಿದಿದೆ. ಕಾಲಾಳು, ಕುದುರೆ, ಆನೆ, ಎಲ್ಲ. ಅಂಗಳದ ಪಡೆ ಶುರುವೇ ಆಗುತ್ತಿಲ್ಲ. ಸೇನಾಪತಿಯ ಮುಖ ಐದಾರು ಸಲ ಕೆತ್ತಿದೆ, ಕರಗಿಸಿದೆ. ಮಾಡಿದರೆ ಅಣ್ಣನ ಹಾಗಾಗುತ್ತದೆ, ಅದನ್ನು ನೋಡಿದರೆ ಸೋಲಿಸಲು ಮನಸ್ಸಾಗುವುದಿಲ್ಲ. ಬೇರೆ ಯಾರದೋ ಮುಖ ಮಾಡಿದರೆ ಗೆದ್ದು ಏನು ಬಂತು?

ಇಸ್ತ್ರಿ ಹಲಗೆಯ ಒಂದು ತುದಿಯಲ್ಲಿ ನನ್ನ ಪಡೆ ನಿಂತಿದೆ. ಇನ್ನೊಂದು ತುದಿ ಖಾಲಿ. ಇಸ್ತ್ರಿ ಮಾಡದೆ ಸುಕ್ಕು ಬಟ್ಟೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದೇನೆ.

ಜೂನ್ 15, ಭಾನುವಾರ, ಮಧ್ಯಾಹ್ನ

ನಿನ್ನೆ ಬಂದ ಪಾರ್ಸಲ್ ಮನೆಯೊಡತಿ ಇವತ್ತು ಕೊಟ್ಟಳು. ಹಲ್ಲಿನ ಸೆಟ್ ಕಳಿಸುವ ನಮ್ಮ ಲ್ಯಾಬಿನದೇ ಡಬ್ಬಿ. ಒಳಗೆ ಹತ್ತಿ. ಹತ್ತಿಯೊಳಗೆ ಸೈನಿಕರು.

ಕಾವಿ ಕೆಂಪು. ಅಂಗಳದ ಪಡೆ.

ಮೆಷಿನ್ನಿನಲ್ಲಿ ಕೊರೆದದ್ದಲ್ಲ. ಮೆಷಿನ್ ಕೊರೆದಿದ್ದರೆ ಎಲ್ಲ ಒಂದೇ ಥರ ಇರುತ್ತಿದ್ದವು. ಮೇಣದ ಚಾಕುವಿನ ಗುರುತಿದೆ, ಎಡಕ್ಕೆ ಎಳೆದ ಗುರುತು. ಅಣ್ಣ ಎಡಚ. ಒಬ್ಬನ ಮೂಗು ದಪ್ಪ, ಒಬ್ಬನಿಗೆ ಕಿವಿಯೇ ಇಲ್ಲ. ಸೇನಾಪತಿಗೆ ಕೆಳದವಡೆ ಮುಂದೆ ಬಂದಿದೆ, ಥೇಟ್ ಅಪ್ಪನ ಹಾಗೆ. ಬಣ್ಣ ಮಾತ್ರ ದೇವರಿಗೇ ಪ್ರೀತಿ, ಬೆರಳಲ್ಲಿ ಬಳಿದಿದ್ದಾನೋ ಏನೋ.

ಹಲಗೆಯ ಖಾಲಿ ತುದಿಯಲ್ಲಿ ನಿಲ್ಲಿಸಿದೆ. ರಾಕ್ಷಸರು! ನನ್ನ ಕುದುರೆಯವನು ಅವನ ಕಾಲಾಳಿನ ಸೊಂಟಕ್ಕೆ ಬರುತ್ತಾನೆ. ನನ್ನ ಆನೆಯನ್ನು ಅವನ ಸೇನಾಪತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಸ್ಕೇಲು ಹಿಡಿದು ನೋಡಿದೆ. ಒಂದೂವರೆ. ಇಂಚು!

ಬ್ಲೌಸ್ ಹೊಲಿಯುವ ಅತ್ತಿಗೆಗೆ ಒಂದೂವರೆ ಎಂದರೆ ಇನ್ನೇನು ಅರ್ಥವಾಗಬೇಕಿತ್ತು? ಅವಳು ಸೆಂಟಿಮೀಟರ್ ಯಾವತ್ತು ಕಂಡಿದ್ದಾಳೆ? ಆದರೆ ಇವನು? ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಡಾಕ್ಟರ ಹತ್ತಿರ ಜಗಳ ಆಡುವವನು. ಒಂದು ಸಲ ಫೋನ್ ಎತ್ತಿ ಅಳತೆ ಕೇಳಲಿಲ್ಲ. ಅಷ್ಟೂ ಕೆತ್ತಿದ. ಕೇಳಲಿಲ್ಲ.

ಇಷ್ಟು ಕೋಪ ಮೆಷಿನ್ ತಂದ ದಿನವೂ ಬಂದಿರಲಿಲ್ಲ. ಶಪಥ ಹಾಳಾಗಲಿ. ಫೋನ್ ಮಾಡಿ ಬೈಯುತ್ತೇನೆ.

ಅದೇ ದಿನ, ಸಂಜೆ 5

ನಡೆದ ಹಾಗೇ ಬರೆಯುತ್ತೇನೆ.

ಅತ್ತಿಗೆಗಲ್ಲ, ಅವನಿಗೇ ಮಾಡಿದೆ. ಎತ್ತಿದ. ಹಲೋ ಅನ್ನಲೂ ಬಿಡಲಿಲ್ಲ ನಾನು.

"ಅಳತೆ ಕೇಳೋಕೆ ಏನಾಗಿತ್ತು ನಿಂಗೆ?"

ಅವನದೂ ಶುರುವಾಯಿತು. ಒಂದೂವರೆ ಅಂದದ್ದು ನೀನೇ, ಇಂಚೋ ಸೆಂಟಿಮೀಟರೋ ಹೇಳಲು ಬಾಯಿಗೆ ಏನಾಗಿತ್ತು ಎಂದ. ನಿನ್ನದನ್ನು ಚಿಕ್ಕದು ಮಾಡು ಎಂದೆ. ನಿನ್ನದನ್ನೇ ದೊಡ್ಡದು ಮಾಡು ಎಂದ. ಯಾರ ಪಡೆ ಕರಗಿಸಬೇಕು ಅಂತ ಜಗಳ. ಅಲ್ಲಿಂದ ಹಳೆಯ ಯುದ್ಧಕ್ಕೆ ಹೋಯಿತು, ಹೊಸ್ತಿಲ ಮೇಲಿನ ಆನೆ ನನ್ನದೋ ಅವನದೋ ಅಂತ. ಹಿಂದೆ ಅತ್ತಿಗೆ ನಗುವುದು ಕೇಳಿಸುತ್ತಿತ್ತು. ನಮಗೆ ನಗು ಬರಲಿಲ್ಲ. ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡಿದೆವು.

ನಿನ್ನ ಬಣ್ಣ ನೋಡಿದರೆ ವಾಕರಿಕೆ ಬರುತ್ತದೆ ಎಂದೆ. ಬಣ್ಣದವಳು ಬಿಟ್ಟು ಹೋದಳಲ್ಲ ಎಂದ. ಮೆಷಿನ್ನಿನ ಹಲ್ಲೆಲ್ಲ ಸುಣ್ಣ ಬಳಿದ ಹಾಗೆ ಬರುತ್ತಿವೆಯಂತೆ, ಡಾಕ್ಟರುಗಳು ವಾಪಸ್ ಕಳಿಸುತ್ತಿದ್ದಾರಂತೆ. ಒಳ್ಳೆಯದೇ ಆಯಿತು ಎಂದೆ. ನಿನ್ನ ಕೆಲಸ ಬಲು ನಾಜೂಕಂತಲ್ಲ ಎಂದ, ಕೊಂಕು ಮಾತು. ತಡೆಯಲಾಗಲಿಲ್ಲ.

"ಪ್ಲಾಸ್ಟರ್ ಕಲಸ್ತೀನಿ ಇಲ್ಲಿ. ಕೇಳಿಸ್ತಾ? ಪ್ಲಾಸ್ಟರ್."

ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ನಕ್ಕಿದ್ದರೆ ಬೈದು ಇಟ್ಟುಬಿಡುತ್ತಿದ್ದೆ. ಅವನ ಹಿಂದೆ ಹೊಲಿಗೆ ಮೆಷಿನ್ ನಿಂತದ್ದು ಕೇಳಿಸಿತು.

ಇನ್ನು ಮಾತಾಡಿದರೆ ಅಳುತ್ತೇನೆ, ಅವನೆದುರು ಅಳಬಾರದು ಅಂತ ಮಾತು ಮುಗಿಸಿದೆ. ಇಡ್ತೀನಿ ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಸರಿ, ಬರ್ತೀನಿ," ಎಂದೆ, ಬಾಗಿಲಲ್ಲಿ ನಿಂತವಳ ಹಾಗೆ.

ಅವನಂದ, "ಯಾವಾಗ?"

ಬಸ್ಸಜ್ಜನಿಗೆ ನಮ್ಮ ಭಾಷೆ ಬರುವುದಿಲ್ಲ, ಅದಕ್ಕೆ ಕಾದರು. ಇವನಿಗೆ ಬರುತ್ತದೆ. ಬರ್ತೀನಿ ಎಂದರೆ ಹೊರಟೆ ಅಂತ ಇವನಿಗೆ ಗೊತ್ತು. ಗೊತ್ತಿದ್ದೂ ಕೇಳಿದ. ಹೋಗು ಅಂದ ಬಾಯಲ್ಲೇ ಯಾವಾಗ ಅನ್ನುತ್ತಾನೆ, ಎಷ್ಟು ಸೊಕ್ಕು! ಬೈಯಬೇಕು ಅಂತ ಬಾಯಿ ತೆರೆದೆ. ಹಲಗೆಯ ಆ ತುದಿಯಿಂದ ಅಪ್ಪನ ದವಡೆಯ ಸೇನಾಪತಿ ನೋಡುತ್ತಿದ್ದ. ಫೋನ್ ಹಿಡಿದುಕೊಂಡೇ ನಿಂತೆ. ಅವನೂ ಇಡಲಿಲ್ಲ. ಆಮೇಲೆ ನಾನು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, "ತಾಳು, ನೋಡಿ ಹೇಳ್ತೀನಿ," ಎಂದೆ, ಸಿಟ್ಟಿನಲ್ಲೇ.