ಮೂರು ಸಲ, ಕೆಳಗಿನಿಂದ

ಫೆಬ್ರವರಿ 17, ಮಂಗಳವಾರ

ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟ್ ಮುಗಿಯಲೇ ಇಲ್ಲ. ಇಸ್ತ್ರಿ ಹಾಕುತ್ತಲೇ ಹಾಡಿದೆ. ಅಲ್ಲೆಲೂಯ, ಅಲ್ಲೆಲೂಯ... ಓನರ್ ಇಣುಕಿ, "ಏನಮ್ಮಾ, ಇವತ್ತೇ ಎಲ್ಲಾ ಖಾಲಿ ಮಾಡ್ತೀಯಾ?" ಅಂದರು. ಮಾಡಲೇಬೇಕು. ನಾಳೆ ಬೂದಿ ಬುಧವಾರ, ತಪಸ್ಸು ಕಾಲ ಶುರು. ಪಾಸ್ಕ (ಈಸ್ಟರ್) ಹಬ್ಬದವರೆಗೆ ಚರ್ಚಿನಲ್ಲಿ ಆ ಪದ ಹಾಡುವಂತಿಲ್ಲ. ನಮ್ಮ ಕ್ವಾಯರ್ ಮೇಷ್ಟ್ರದು ಇನ್ನೂ ಒಂದು ಕೈ ಮೇಲೆ. ಪ್ರಾಕ್ಟೀಸಿನಲ್ಲೂ ಬೇಡ, ಮನೆಯಲ್ಲೂ ಬೇಡ. "ಆ ಪದಕ್ಕೆ ನಮಗೆ ಹಸಿವಾಗ್ಲಿ" ಅನ್ನುತ್ತಿದ್ದರು, ಮಾತಾಡುವ ಕಾಲದಲ್ಲಿ.

ಹಾಗಾದರೆ ಈ ಡೈರಿಯಲ್ಲೂ ಬರೆಯುವುದಿಲ್ಲ. ಇದೇ ಕೊನೆ.

ಫೆಬ್ರವರಿ 20, ಶುಕ್ರವಾರ

ನಂಬಿಕೆ ಬರುತ್ತಿಲ್ಲ. ಗಂಟಲಿನ ಆಪರೇಷನ್ ಆದಮೇಲೆ ಮೊದಲ ಸಲ ಮೇಷ್ಟ್ರು ಪ್ರಾಕ್ಟೀಸಿಗೆ ಬಂದರು. ಕುತ್ತಿಗೆಗೆ ಮಫ್ಲರ್. ಸ್ವರ ಇಲ್ಲ, ಇನ್ನು ಬರುವುದೂ ಇಲ್ಲವಂತೆ.

ಪಾಸ್ಕದ ಹಿಂದಿನ ರಾತ್ರಿಯ ಪೂಜೆಯಲ್ಲಿ ಅಷ್ಟು ದಿನ ಮುಚ್ಚಿಟ್ಟ ಆ ಪದವನ್ನು ಒಂದೇ ಕಂಠ ಎತ್ತಬೇಕು. ಕೀಬೋರ್ಡ್ ಇಲ್ಲ. ಮೂರು ಸಲ, ಪ್ರತಿ ಸಲ ಸ್ವರ ಏರಿಸಿ. ಜನ ಅದನ್ನೇ ತಿರುಗಿ ಹಾಡುತ್ತಾರೆ. ಹಾಡಬೇಕಾದವರು ಫಾದರ್. ಆದರೆ ತಮಗೆ ಹಾಡು ಒಲಿದಿಲ್ಲ ಅಂತ ಅವರೇ ಒಪ್ಪಿಕೊಳ್ಳುತ್ತಾರೆ. ಇಷ್ಟು ವರ್ಷ ಮೇಷ್ಟ್ರೇ ಹಾಡಿದ್ದು. ಇವತ್ತು ಅವರ ಬೆರಳು ನನ್ನ ಕಡೆ ತೋರಿಸಿತು. ಕ್ವಾಯರ್ ನಡೆಸುವುದೂ ಇನ್ನು ನಾನೇ.

ಕ್ವಾಯರಿನಲ್ಲಿರುವ ಲೆಕ್ಚರರ್ ಮೇಡಂ ಸಂಗೀತದ ಪರೀಕ್ಷೆಗಳನ್ನೆಲ್ಲ ಪಾಸ್ ಮಾಡಿದವರು. ತಡೆದುಕೊಳ್ಳಲಿಲ್ಲ. "ಮೇಷ್ಟ್ರೇ, ಇವಳು ಸ್ಕೂಲಲ್ಲೇ ಒಂದು ಕಡೆ ಕೂತವಳಲ್ಲ. ಇಲ್ಲಿ ಕೂರ್ತಾಳಾ?"

"ಕೂರಲ್ಲ ಮೇಡಂ," ಅಂದೆ. "ಹಾಡೋದು ನಿಂತ್ಕೊಂಡೇ ಅಲ್ವಾ?"

ಅಮ್ಮನಿಗೆ ಹೇಳಿದೆ. "ಸರಿ, ಹೋಗಿ ನೀರು ತುಂಬ್ಸು" ಅಂದಳು. ನಾನು ಸ್ಕೂಲ್ ಬಿಟ್ಟಾಗಿನಿಂದ ನನ್ನ ಸುದ್ದಿಗೆಲ್ಲ ಅವಳದು ಇದೇ ಉತ್ತರ.

ತಪಸ್ಸು ಕಾಲದಲ್ಲಿ ಹೆಮ್ಮೆ ಪಡಬಾರದಂತೆ. ಸುಳ್ಳೇಕೆ? ಪಟ್ಟೆ.

ಮಾರ್ಚ್ 8

ಹಾಡಬಾರದ ಪದವನ್ನು ಪ್ರಾಕ್ಟೀಸ್ ಮಾಡುವುದು ಹೇಗೆ? ಬರೀ "ಆ" ಅಂತ ಎಳೆಯುತ್ತಿದ್ದೇನೆ. ಮಷಿನ್ ಹಿಂಡುವಾಗ ಗುಂಯ್ ಅಂತ ಏರುತ್ತದಲ್ಲ, ಅದರ ಜೊತೆ. ಮಷಿನ್ನಿನ ಸ್ವರ ಮೇಲೆ ಹೋಗುತ್ತದೆ. ನನ್ನ ಮೂರನೆಯದು ಒಡೆಯುತ್ತದೆ. ಪ್ರತಿ ಸಲ.

ಮಾರ್ಚ್ 19, ಗುರುವಾರ

ಸಂತ ಜೋಸೆಫರ ಹಬ್ಬ. ಫಾದರ್ ಪ್ರಸಂಗ ಚಿಕ್ಕದು, ಆದರೆ ತಲೆಯಿಂದ ಹೋಗುತ್ತಿಲ್ಲ. ಬೈಬಲಿನ ಶುಭಸಂದೇಶದಲ್ಲಿ ಜೋಸೆಫರು ಆಡಿದ ಒಂದು ಮಾತೂ ಇಲ್ಲವಂತೆ. ದೇವದೂತ ಏಳು ಅಂದಾಗ ಎದ್ದರು. ತಾಯಿ ಮಗುವನ್ನು ಕರೆದುಕೊಂಡು ಹೊರಟರು, ಹಾಗೇ ವಾಪಸ್ ಕರೆತಂದರು. ಅಷ್ಟೇ. ಮುಂದೆ ನಡೆಯುವವನಿಗೆ ಬಾಯಿ ಬೇಕಿಲ್ಲ ಅಂದರು.

ಮೇಷ್ಟ್ರ ಕಡೆ ನೋಡಿದೆ. ಮಫ್ಲರ್ ಸರಿಮಾಡಿಕೊಳ್ಳುತ್ತಿದ್ದರು.

ಇನ್ನೊಂದು. "ಆ" ಸಾಕಾಯಿತು. ಸೋಮವಾರದಿಂದ ಲಾಂಡ್ರಿಯಲ್ಲಿ ನಿಜವಾದ ಪದವನ್ನೇ ಹಾಡುತ್ತಿದ್ದೇನೆ. ಮಷಿನ್ ಸದ್ದಿನಲ್ಲಿ ಯಾರಿಗೆ ಕೇಳಬೇಕು.

ಮಾರ್ಚ್ 22, ಭಾನುವಾರ

ಮಾನ ಹೋಯಿತು.

ಶುಭಸಂದೇಶ ಓದುವ ಮುಂಚೆ ಎಲ್ಲರೂ ಎದ್ದರು. ತಪಸ್ಸು ಕಾಲದಲ್ಲಿ ಅಲ್ಲಿ ಆ ಪದದ ಬದಲು "ಕ್ರಿಸ್ತರೇ ನಿಮಗೆ ಸ್ತುತಿ" ಎತ್ತಬೇಕಿತ್ತು. ಬಾಯಿ ತೆರೆದೆ, ಆ ಪದ ಬಂತು. ಅರ್ಧಕ್ಕೇ ನುಂಗಿದೆ. ಮೈಕ್ ನುಂಗಲಿಲ್ಲ. ಮುಂದಿನ ಬೆಂಚಿನವರೆಲ್ಲ ತಿರುಗಿದರು. ಅಮ್ಮ ಮಾತ್ರ ತಿರುಗಲಿಲ್ಲ, ತಲೆ ತಗ್ಗಿಸಿದಳು.

ಪೂಜೆ ಮುಗಿದ ಮೇಲೆ ಕೀಬೋರ್ಡ್ ನುಡಿಸುವ ಬಂಬೂ (ಉದ್ದ ಇದ್ದಾನೆ, ಅದಕ್ಕೆ ಆ ಹೆಸರು) ಪಿಸುಗುಟ್ಟಿದ. "ನಾನೇ ಬೇರೆ ಟ್ಯೂನ್ ಕೊಟ್ಟೆ ಅಂತ ಹೇಳ್ಬಿಡ್ತೀನಿ ಕಣೇ."

"ಬೇಡ. ನೀನು ಸರಿಯಾಗೇ ಕೊಟ್ಟೆ. ಬಾಯಿ ನಂದು."

ಎಲ್ಲರೆದುರೇ ಹೇಳಿದೆ. ಲಾಂಡ್ರಿಯ ವಿಷಯವನ್ನೂ. ಲೆಕ್ಚರರ್ ಮೇಡಂ, "ಅಂದ್ರೆ ನಿಯಮ ಮುರಿದು ಪ್ರಾಕ್ಟೀಸಾ?" ಅಂದರು. "ಹೌದು ಮೇಡಂ," ಅಂದೆ. "ಫಾದರ್ ತೀರ್ಮಾನ ಮಾಡ್ಲಿ," ಅಂದರು ಅವರು.

ಮಾರ್ಚ್ 24

ಫಾದರ್ ಕೋಣೆ. ಮೇಷ್ಟ್ರು, ಮೇಡಂ, ನಾನು.

"ಆ ಜಾಗ ಬಿಟ್ಟುಕೊಡ್ತೀಯೇನಮ್ಮಾ?" ಫಾದರ್ ಕೇಳಿದರು.

"ನೀವು ತೆಗೆದ್ರೆ ಹೋಗ್ತೀನಿ ಫಾದರ್. ನಾನಾಗಿ ಬಿಡಲ್ಲ. ನನಗದು ಬೇಕು."

ಫಾದರ್ ಕನ್ನಡಕ ತೆಗೆದರು. "ಯೇಸು ಗೊತ್ತೇ ಇಲ್ಲ ಅಂತ ಪೇತ್ರ ಮೂರು ಸಲ ಜಾರಿದ. ಆದರೂ ಯೇಸು ಅವನ ಕೈಗೇ ಮಂದೆ ಕೊಟ್ಟರು. ನಿಂದು ಅರ್ಧ ಸಲ." ಮೇಷ್ಟ್ರ ಕಡೆ ತಿರುಗಿದರು. "ನೀವು ಹೇಳಿ."

ಮೇಷ್ಟ್ರು ಎದ್ದು ಮೂರು ಬೆರಳೆತ್ತಿದರು. ಹಾಡು. "ಆ" ಅಂತ ಹಾಡಿದೆ. ಮೂರನೆಯದು ಒಡೆಯಿತು. ಫಾದರ್ ಕಿಟಕಿ ನೋಡಿದರು.

ಮೇಷ್ಟ್ರು ಬಗ್ಗಿದರು. ಆ ವಯಸ್ಸಿನಲ್ಲಿ, ಮೇಜು ಹಿಡಿದುಕೊಂಡು. ಅಂಗೈಯನ್ನು ನೆಲದ ಹತ್ತಿರ ಹಿಡಿದರು. ಅಲ್ಲಿಂದ. ಹಾಗೇ ನನ್ನ ಮುಖ ನೋಡುತ್ತಾ ನಿಂತರು. ಅಷ್ಟು ಕೆಳಗಿನ ಸ್ವರದಿಂದಾ? ಮೊದಲನೆಯದು ಕೊನೆಯ ಬೆಂಚಿಗೆ ಮುಟ್ಟುವುದೇ ಇಲ್ಲ ಅಂತಲೇ ನಾನು ಮೇಲಿಂದ ಹಿಡಿಯುತ್ತಿದ್ದದ್ದು. ಅವರು ತೋರಿಸಿದಲ್ಲಿಂದ ಎತ್ತಿದೆ. ಎರಡು. ಮೂರು. ಒಡೆಯಲಿಲ್ಲ.

ಆಮೇಲೆ ಮೇಡಂ, "ಕೇಳ್ಸಲ್ಲ ಅಂತ ಹೆದರ್ಬೇಡ," ಅಂದರು, ಬ್ಯಾಗು ಹುಡುಕುತ್ತಾ. "ಎಲ್ಲರೂ ಅದಕ್ಕೇ ಕಿವಿ ಕೊಟ್ಟಿರ್ತಾರೆ."

ಏಪ್ರಿಲ್ 5, ಪಾಸ್ಕ ಭಾನುವಾರ, ಬೆಳಿಗ್ಗೆ

ಅಲ್ಲೆಲೂಯ.

ಬರೆದೆ.

ನಿನ್ನೆ ರಾತ್ರಿ ಎಲ್ಲರ ಕೈಯಲ್ಲೂ ಮೇಣದ ಬತ್ತಿ. ಮೇಷ್ಟ್ರು ಮೊದಲ ಬೆಂಚಿನ ತುದಿಯಲ್ಲಿ, ಅಂಗೈ ಮೊಣಕಾಲಿಗಿಂತ ಕೆಳಗೆ. ನೆಲದಿಂದ ಎತ್ತಿದೆ. ಕೆಮ್ಮು ಕೂಡ ಇಲ್ಲ, ಕೊನೆಯ ಬೆಂಚಿನವರೆಗೆ ಹೋಯಿತು. ಜನ ತಿರುಗಿ ಹಾಡಿದರು. ಎರಡನೆಯದು. ಮೂರನೆಯದಕ್ಕೆ ಮೇಷ್ಟ್ರ ತುಟಿಯೂ ಅಲ್ಲಾಡಿತು. ಸ್ವರ ನನ್ನದು, ಉಸಿರು ಇಬ್ಬರದು. ಎಲ್ಲೂ ಒಡೆಯಲಿಲ್ಲ. ಚರ್ಚಿಗೆ ಚರ್ಚೇ ಮೇಲೆ ಬಂತು ನನ್ನ ಹಿಂದೆ! ಲೆಕ್ಚರರ್ ಮೇಡಂ ದನಿ ಎಲ್ಲರಿಗಿಂತ ಜೋರು.

ಹೆಮ್ಮೆ. ತಪಸ್ಸು ಕಾಲ ಮುಗಿಯಿತು, ಇನ್ನು ಯಾರ ಅಡ್ಡಿಯೂ ಇಲ್ಲ.

ರಾತ್ರಿ ಮನೆಗೆ ಬರುವಾಗ ಅಮ್ಮ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಈಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ಏನೋ ಗುನುಗು... ನಲ್ಲಿ ನಿಲ್ಲಿಸಿದಳು. ಅದೇ. ಅದೇ ಹಾಡುತ್ತಿದ್ದಾಳೆ! ಒಂದು ಮುಗಿಸಿ ಎರಡನೆಯದಕ್ಕೆ ಹೋದಳು. ಆದರೆ ಅಷ್ಟು ಮೇಲಿಂದ ಹಿಡಿದರೆ ಮೂರನೆಯದಕ್ಕೆ ಗಂಟಲು— ತಡಿ, ಹೋಗಿ ಹೇಳಬೇಕು. ಅಮ್ಮಾ, ಕೆಳಗಿಂದ, ಇನ್ನೂ ಕೆಳಗಿಂದ—