ಕಣ್ಣು ರಸ್ತೆಯ ಮೇಲೆಯೇ ಇತ್ತು

ನಾಗಪುರ, ಅಕ್ಟೋಬರ್ 1956

ಅಪಘಾತ ವಿಚಾರಣೆಯ ಅಧಿಕಾರಿಗಳಿಗೆ,

ಮಾನ್ಯರೇ, ನಾನು ನಿಮ್ಮೆದುರು ನಿಜ ಹೇಳಿದೆ. ಅದರಿಂದಾಗಿ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿದೆ. ಬರುವ ಸೋಮವಾರ ನಮ್ಮ ಕಚೇರಿಯ ಜೀಪಿನ ಡ್ರೈವರ್ ಹನುಮಂತನ ಲೈಸೆನ್ಸು ರದ್ದುಮಾಡುವ ಆಜ್ಞೆಗೆ ತಾವು ಸಹಿ ಹಾಕಲಿದ್ದೀರಿ. ಅದಕ್ಕೆ ಆಧಾರ ನಿಮ್ಮ ನಮೂನೆಯ ಒಂಬತ್ತನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ. "ಘಟನೆಯ ಸಮಯದಲ್ಲಿ ಚಾಲಕನ ದೃಷ್ಟಿ ರಸ್ತೆಯ ಮೇಲಿತ್ತೇ?" ಇತ್ತು ಎಂದೆ. ಇನ್ನೊಂದು ಮಾತು ಹೇಳಲು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಗುಮಾಸ್ತರು ಹತ್ತನೆಯ ಪ್ರಶ್ನೆ ಓದತೊಡಗಿದ್ದರು. ಆಮೇಲೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಪೂರಕ ಹೇಳಿಕೆ ಎರಡು ಸಲವೂ "ನಮೂನೆಯಲ್ಲಿ ಇದಕ್ಕೆ ಸ್ಥಳವಿಲ್ಲ" ಎಂಬ ಷರಾ ಹೊತ್ತು ಮರಳಿ ಬಂತು. ಈಗ ನೀವು ಓದಲಾರದ ಭಾಷೆಯಲ್ಲಿ, ನಿಮ್ಮ ಮೇಜಿಗೆ ಬಾರದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಫಲ ಒಂದೇ ಎಂದಮೇಲೆ ನನ್ನ ಭಾಷೆಯಲ್ಲೇ ಬರೆಯಬಹುದಲ್ಲ.

ನಡೆದದ್ದು ಇಷ್ಟು. ಸೆಪ್ಟೆಂಬರ್ ಹದಿನೆಂಟು, ಬೆಳಗಿನ ಹತ್ತೂವರೆ, ಕಾಮಠಿ ದಾಟಿ ಕನ್ಹಾನ್ ಕಡೆಗೆ ಹೋಗುವ ರಸ್ತೆ. ಬಿಸಿಲಿತ್ತು, ರಸ್ತೆ ನೇರವಾಗಿತ್ತು, ಬ್ರೇಕು ಸರಿಯಾಗಿತ್ತು. ಹನುಮಂತ ಚಹಾಕ್ಕಿಂತ ಗಟ್ಟಿಯಾದದ್ದೇನನ್ನೂ ಕುಡಿದವನಲ್ಲ. ಇವೆಲ್ಲ ನಿಮ್ಮ ನಮೂನೆಯಲ್ಲಿವೆ. ಇಲ್ಲದ್ದನ್ನು ಹೇಳುತ್ತೇನೆ. ಬಾಗಲಕೋಟೆಯ ಕಡೆಯ ಈ ಮನುಷ್ಯನಿಗೆ ನಾಗರಿಯಾಗಲಿ ಇಂಗ್ಲಿಷಾಗಲಿ ಓದಲು ಬಾರದು. ಹಾಗಾಗಿ ನಮ್ಮ ಕಚೇರಿಯಲ್ಲಿ ಅವನಿಗೆ ಚೀಟಿ ಕೊಡುವ ಪದ್ಧತಿಯಿಲ್ಲ, ಬಾಯಲ್ಲಿ ಹೇಳಿದರಾಯಿತು. "ಹನುಮಂತನ ತಲೆಯೇ ನಮ್ಮ ರಿಜಿಸ್ಟರು" ಎಂದು ಸಾಹೇಬರು ಅತಿಥಿಗಳ ಮುಂದೆ ಹೆಮ್ಮೆಪಡುವುದುಂಟು. ಆ ದಿನ ರಿಜಿಸ್ಟರಿನಲ್ಲಿ ಏಳು ಕೆಲಸಗಳಿದ್ದವು. ಕಾಮಠಿಯಲ್ಲಿ ಕೊಟ್ಟ ಕಡತದ ರಸೀತಿ, ಕನ್ಹಾನಿನ ಗುತ್ತಿಗೆದಾರನಿಗೆ ಮರಳಿನ ಬಗ್ಗೆ ಒಂದು ಖಡಕ್ ಮಾತು, ಸಾಹೇಬರ ತಾಯಿಯ ಔಷಧ, ದರ್ಜಿಯಿಂದ ಕೋಟು, ಮಧ್ಯಾಹ್ನದ ಗಾಡಿಗೆ ಬರುವ ಅತಿಥಿ, ಎಲ್ಲೋ ಮರೆತು ಬಂದ ಥರ್ಮಾಸು, ಸಾಹೇಬರು ಊಟಕ್ಕೆ ಬರುವುದಿಲ್ಲವೆಂದು ಮನೆಯಲ್ಲಿ ಬಾಯಿಸಾಹೇಬರಿಗೆ ತಿಳಿಸುವುದು. ಅವನು ಸ್ಟಿಯರಿಂಗಿನ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಬೆರಳು ತಟ್ಟುತ್ತ, ಮಗ್ಗಿ ಒಪ್ಪಿಸುವವನಂತೆ ತುಟಿಯಾಡಿಸುತ್ತಿದ್ದ. ಏಳಾದ ಮೇಲೆ ಮತ್ತೆ ಒಂದರಿಂದ.

ಪಕ್ಕದಲ್ಲಿ ಕೂತಿದ್ದ ನನಗೆ ಬೇಸರ ಬಂದಿತ್ತು. ರಾಜ್ಯಗಳ ಮರುವಿಂಗಡಣೆಯಿಂದ ನಮ್ಮ ಕಚೇರಿಗಳು ಭೋಪಾಲಕ್ಕೆ ಹೋಗುತ್ತವೆಂದು ಊರೆಲ್ಲ ಆಗ ಅದೇ ಮಾತು. ನಾನು ಕೇಳಿದೆ, "ಏನಪಾ ಹನುಮಂತ, ಭೋಪಾಲಕ್ಕ ಹೊಂಟಿಯೋ, ಇಲ್ಲೇ ಇರತೀಯೋ?"

ಬೆರಳು ನಿಂತಿತು. ಅವನ ಮೂವರು ಮಕ್ಕಳು ಇಲ್ಲಿ ಮರಾಠಿ ಶಾಲೆಯಲ್ಲಿ ಓದುತ್ತಾರೆ. ಅವನು ಆರು ವಾರದಿಂದ ಅದೊಂದೇ ಪ್ರಶ್ನೆಯನ್ನು ದೂರ ಇಟ್ಟುಕೊಂಡು ಬಂದಿದ್ದನೆಂದು ನನಗೆ ಆಮೇಲೆ ತಿಳಿಯಿತು. "ಹೊಂಟ್ರ..." ಎಂದ. ಅಷ್ಟರಲ್ಲಿ ಸದ್ದಾಯಿತು.

ಸೊಪ್ಪಿನ ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ಕಾಶಿಬಾಯಿಯ ತೊಡೆಯ ಮೂಳೆ ಮುರಿದಿದೆ. ಆಕೆ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಮುರಿದದ್ದು ಹನುಮಂತನ ಜೀಪಿನಿಂದಲೇ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆಕೆ ಹೇಳಿಕೆ ಕೊಡುವಾಗ ನಾನು ಮಂಚದ ಬದಿಗೆ ನಿಂತಿದ್ದೆ. "ತೋ ಮಾಝ್ಯಾಕಡೇಚ ಬಘತ ಹೋತಾ" ಎಂದಳು, ಸಿಟ್ಟಿಲ್ಲದೆ, ಅಚ್ಚರಿಯಿಂದ. ಅಂದರೆ, ಅವನು ನನ್ನತ್ತಲೇ ನೋಡುತ್ತಿದ್ದ ಎಂದು. ನೋಡುತ್ತಿದ್ದಾನೆಂದೇ ನಾನು ಹೆಜ್ಜೆ ಇಟ್ಟೆ, ಎಂದೂ ಸೇರಿಸಿದಳು. ಹೀಗೆ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದೆವು, ಇಬ್ಬರೂ ಸುಳ್ಳು ಹೇಳಲಿಲ್ಲ. ನೋಡಿಯೂ ನಿಲ್ಲಿಸದವನು ಒಂದೋ ದುಷ್ಟ, ಇಲ್ಲವೇ ಬೇಜವಾಬ್ದಾರ ಎಂದು ನೀವು ತೀರ್ಮಾನಿಸಿದಿರಿ. ತರ್ಕದಲ್ಲಿ ದೋಷವಿಲ್ಲ. ಆದರೆ ತಾವು ಎಂದೂ ಒಂದು ಪುಟದ ಕೊನೆಯವರೆಗೆ ಓದಿ, ಒಂದಕ್ಷರವೂ ಒಳಗಿಳಿದಿಲ್ಲವೆಂದು ಮತ್ತೆ ಮೇಲಿನಿಂದ ಆರಂಭಿಸಿಲ್ಲವೇ? ಕಡತಗಳಲ್ಲಿ ನಾನು ದಿನಕ್ಕೆ ನಾಲ್ಕು ಸಲ ಹಾಗೆ ಮಾಡುತ್ತೇನೆ. ಕಣ್ಣು ಸಾಲಿನ ಮೇಲೆಯೇ ಇರುತ್ತದೆ. ಕಾಗದದ ಮೇಲೆ ಹಿಂದಿನ ಸಾಲು ಅಲ್ಲೇ ಉಳಿದಿರುತ್ತದೆ, ಹಿಂತಿರುಗಿ ಓದಬಹುದು. ರಸ್ತೆಗೆ ಆ ಸೌಜನ್ಯವಿಲ್ಲ.

ಸೀತಾಬರ್ಡಿಯಲ್ಲಿ ಟಾಂಗಾದವನು ಹೆಚ್ಚು ಮಂದಿಯನ್ನು ಹತ್ತಿಸಿಕೊಂಡರೆ ಪೊಲೀಸರು ಇಳಿಸುತ್ತಾರೆ, ಕುದುರೆಯ ಬೆನ್ನಿನ ಬಗ್ಗೆ ಸರಕಾರಕ್ಕೆ ಕನಿಕರವಿದೆ. ಲಾರಿಯ ಬಾಗಿಲ ಮೇಲೆ ಅದು ಎಷ್ಟು ಟನ್ನು ಹೊರಬಹುದೆಂದು ಬಿಳಿ ಬಣ್ಣದಲ್ಲಿ ಬರೆಸಿದ್ದೀರಿ. ಲಾರಿ ನಡೆಸುವವನ ತಲೆಗೆ ಎಷ್ಟೆಂದು ಯಾವ ಕಾನೂನಿನಲ್ಲಿದೆ? ಹೊರಗೆ ಕಾಣದ ಭಾರವನ್ನು ಭಾರವೆನ್ನಲು ತಮಗೆ ಸಂಕೋಚವಿದ್ದೀತು. ತೂಗುವ ತಕ್ಕಡಿ ನನ್ನ ಹತ್ತಿರವೂ ಇಲ್ಲ.

ನಿಮ್ಮ ವರದಿಯ ಅತ್ಯಂತ ಕಠೋರ ಸಾಲು, "ಘಟನೆಯ ನಂತರವೂ ಚಾಲಕನಲ್ಲಿ ಪಶ್ಚಾತ್ತಾಪ ಕಂಡುಬರಲಿಲ್ಲ" ಎಂಬುದು. ಕಾಶಿಬಾಯಿಯನ್ನು ಆಸ್ಪತ್ರೆಗೆ ಸೇರಿಸಿ, ರಕ್ತ ತೊಳೆದುಕೊಂಡು, ಹನುಮಂತ ನೆಟ್ಟಗೆ ಹೋಗಿ ದರ್ಜಿಯಿಂದ ಕೋಟು ತಂದ. ಔಷಧ ತಂದ. ಥರ್ಮಾಸು ಹುಡುಕಿದ. ಇದು ನಿಜ, ಜೀಪಿನಲ್ಲಿ ನಾನೂ ಇದ್ದೆ. ಬೇಡವೆಂದರೂ ಕೇಳಲಿಲ್ಲ. ಏಳನೆಯದೂ ಮುಗಿದ ಮೇಲೆ ಕಚೇರಿಯ ಹಿತ್ತಿಲ ಬೇವಿನ ಕೆಳಗೆ ಕೂತು ಅತ್ತ. ತಲೆಯಲ್ಲಿ ಅಳುವುದಕ್ಕೆ ಜಾಗವಾದದ್ದು ಆಗಲೇ. ಆಗ ಅಲ್ಲಿ ನಿಮ್ಮ ಗುಮಾಸ್ತರು ಇರಲಿಲ್ಲ.

ಕಳೆದ ಭಾನುವಾರ ಅವನ ಮನೆಗೆ ಹೋಗಿದ್ದೆ. "ರಾಯರ, ನೀವು ಅಂದಿದ್ದು ಖರೇನ ಐತಿ" ಎಂದ. "ನಾ ಆಕೀನ್ನ ನೋಡೀನಿ. ಹಸರ ಸೀರಿ, ಮೂಗಿನ್ಯಾಗ ನತ್ತು. ಈಗ ಕಣ್ಣು ಮುಚ್ಚಿದ್ರ ಬರೋಬರ್ ಕಾಣತಾಳ. ಅವತ್ತ ಮಾತ್ರ ಕಾಣಲಿಲ್ಲ ನೋಡ್ರಿ."

ನನ್ನ ಪ್ರಶ್ನೆಯ ಬಗ್ಗೆ ಅವನು ಒಂದು ಮಾತೂ ಎತ್ತಲಿಲ್ಲ. ಚಹಾ ತಂದಿಟ್ಟ ಅವನ ಹೆಂಡತಿ ಚಂದ್ರಮ್ಮ ಬೇರೊಂದು ಮಾತು ಎತ್ತಿದಳು.

"ಇವರಿಗೆ ಕನ್ನಡ ಅಕ್ಷರ ಕೂಡಿಸಿ ಓದಾಕ ಬರತೈತ್ರಿ. ನಿಮಗ ಬರಿಯಾಕ ಬರತೈತಿ. ಆರು ವರ್ಷದಾಗ ಒಂದರ ಚೀಟಿ ಬರದು ಕೊಟ್ಟಿದ್ರ ಕೈ ಸವೀತಿತ್ತೇನ್ರಿ ರಾಯರ?"

"ಹೋಗಲಿ ಬಿಡ" ಎಂದ ಹನುಮಂತ.

ಮಾನ್ಯರೇ, ಆರು ವರ್ಷ ನನಗೆ ಅದು ಹೊಳೆದಿರಲಿಲ್ಲ. ನಾನೂ ಆ ಪಟ್ಟಿ ಕೇಳಿ ನಕ್ಕವರಲ್ಲೊಬ್ಬ. ಸೋಮವಾರ ಸಹಿ ಹಾಕುವ ಮೊದಲು ನಿಮ್ಮ ನಮೂನೆಯ ಒಂಬತ್ತನೆಯ ಪ್ರಶ್ನೆಯ ಕೆಳಗೆ ಇನ್ನೊಂದನ್ನು ಸೇರಿಸಬೇಕೆಂದು ಕೇಳುತ್ತೇನೆ: ಆಗ ಚಾಲಕನ ತಲೆಯಲ್ಲಿ ಏನೇನಿತ್ತು, ಅದನ್ನು ಅಲ್ಲಿ ಇಟ್ಟವರು ಯಾರು? ಉತ್ತರದಲ್ಲಿ ನನ್ನ ಹೆಸರು ಬರೆಯಿರಿ, ಲೈಸೆನ್ಸನ್ನು ಅವನಿಗೆ ಉಳಿಸಿರಿ. ನೀವು ಇದನ್ನು ಓದಲಾರಿರಿ ಎಂದು ನನಗೆ ಗೊತ್ತು. ಆದರೆ ಅಕ್ಷರ ಕೂಡಿಸಿಕೊಂಡು ಹನುಮಂತ ಓದಬಲ್ಲ. ಅವನಿಗೆ ನಾನು ಬರೆದ ಮೊದಲ ಚೀಟಿ ಇದು.

ಇಂತಿ,
ಏಳು ಕೆಲಸಗಳ ಮೇಲೆ ಎಂಟನೆಯದನ್ನು ಇಟ್ಟವನು