ವೈನಿಗೆ ತ್ರಾಸ ಆಗಬಾರದು

ಸುಜಾತಾನ ಅಪ್ಪನವರಿಗೆ,

ನಿಮ್ಮ ಹೆಸರು ಬರೆಯಲು ಇನ್ನೂ ಕೈ ಏಳುವುದಿಲ್ಲ. ಇಪ್ಪತ್ತಾರು ವರ್ಷ ನಿಮ್ಮನ್ನು 'ರೀ' ಎಂದೇ ಕರೆದವಳು ನಾನು. ಪಡಸಾಲೆಯಲ್ಲಿದ್ದರೂ ರೀ, ತೋಟದ ಆ ತುದಿಯಲ್ಲಿದ್ದರೂ ರೀ. ಶ್ರಾವಣದ ಆ ದಿನ ಆಸ್ಪತ್ರೆಯಲ್ಲಿ ಕಾಗದ ತುಂಬುತ್ತಿದ್ದ ಹುಡುಗಿ "ಪೇಶಂಟ್ ಹೆಸರೇನ್ರಿ ಅಕ್ಕಾರ?" ಎಂದು ಕೇಳಿದಾಗಲೂ ನಾನು ಪಕ್ಕದಲ್ಲಿ ನಿಂತಿದ್ದ ನಿಮ್ಮ ಗೆಳೆಯ ಮೆಹಬೂಬಣ್ಣನ ಮುಖ ನೋಡಿದೆ. ಅವರೇ ಹೇಳಿದರು. ನೀವು ಆಗಲೇ ಉಸಿರು ಬಿಟ್ಟಾಗಿತ್ತು ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಮದುವೆಯಾಗಿ ತಾಂಬಾಕ್ಕೆ ಬಂದ ದಿನ ನಿಮ್ಮ ತಂಗಿ ನೀಲವ್ವ ಬಾಗಿಲಿಗೆ ಅಡ್ಡ ನಿಂತಿದ್ದಳಲ್ಲ? "ಒಡಪ ಹೇಳಿ ಒಳಗ ಬಾ" ಎಂದು. ಪ್ರಾಸ ಹಾಕಿ ಎರಡು ಸಾಲು, ಅದರೊಳಗೆ ಗಂಡನ ಹೆಸರು, ಅಷ್ಟೇ. ನಾನು ಮುದ್ದೇಬಿಹಾಳದಿಂದ ನಾಲ್ಕು ಒಡಪು ಕಲಿತುಕೊಂಡೇ ಬಂದಿದ್ದೆ. ಅಷ್ಟು ಜನ ಕಂಡು ಬಾಯಿ ಒಣಗಿ ಒಂದೂ ನೆನಪಾಗಲಿಲ್ಲ. ಬಿಸಿಲಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತ ನೀವು "ಬಿಡ್ರಿ, ಆಮ್ಯಾಲ ಹೇಳ್ತಾಳ" ಎಂದು ನನ್ನನ್ನು ಒಳಗೆ ಕರೆತಂದಿರಿ. ಆಮೇಲೆ ಯಾವ ಸೀಮಂತ ಬರಲಿ, ಯಾರ ಮದುವೆ ಬರಲಿ, "ನಮ್ಮಾಕಿದು ಒಂದ ಒಡಪ ಬಾಕಿ ಐತಿ" ಎಂದು ಕಾಡುವುದೇ ಕಾಡುವುದು. ನಾನು ಸೆರಗು ಬಾಯಿಗೆ ಹಿಡಿದು ಒಳಗೆ ಹೋಗಿಬಿಡುತ್ತಿದ್ದೆ. ಒಮ್ಮೆಯಾದರೂ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮದುವೆಗೆ ಮೊದಲು ನಾನು ಕೇಳಿದ್ದು ಒಂದೇ ಮಾತು. ನಮ್ಮಪ್ಪ ಕುಡಿದು ಬಂದ ದಿನಗಳಲ್ಲಿ ಅವ್ವ ನಮ್ಮನ್ನು ಪಕ್ಕದ ಮನೆಗೆ ಕಳಿಸಿ ತಾನೊಬ್ಬಳೇ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅದನ್ನು ಹೇಳಿ, "ನಮ್ಮ ಮನಿಯೊಳಗ ಒಂದ ಹನಿ ಬರಬಾರದು" ಎಂದೆ. "ಬರಂಗಿಲ್ಲ" ಎಂದಿರಿ. ಆಣೆ ಇಲ್ಲ, ಪ್ರಮಾಣ ಇಲ್ಲ. ಆ ಒಂದು ಮಾತನ್ನು ನಂಬಿಕೊಂಡೇ ನಾನು ಈ ಮನೆಗೆ ಕಾಲಿಟ್ಟಿದ್ದು.

ಆ ನೀವೇ ಒಂದು ದಿನ ಕಂಪನಿಯವರ ಸಸಿ ತಂದು ಎರಡು ಎಕರೆಗೆ ವೈನಿನ ದ್ರಾಕ್ಷಿ ಹಚ್ಚಿದಾಗ ನನಗೆ ಹೇಗಾಗಿರಬೇಡ? ಸಣ್ಣ ಕಾಯಿ, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ. "ಇವನ್ನ ಯಾರ ತಿಂತಾರೋ?" ಎಂದು ನಿಮ್ಮವ್ವ ಕೇಳಿದಾಗ ನೀವು ಕಣ್ಣು ಮಿಟುಕಿಸದೆ, "ಔಷಧಿಗಿ ಹೋಗ್ತಾವ ಬೇ" ಎಂದಿರಿ. ಮೂರು ಹೊತ್ತು ಲಿಂಗಪೂಜೆ ಮಾಡುವ ಮುದುಕಿಗೆ ಬೇರೆ ಏನು ಹೇಳಲು ಬರುತ್ತಿತ್ತು? ಊರಿನವರೂ ಅದನ್ನೇ ಹಿಡಿದರು. ನಮ್ಮದು ಔಷಧಿ ತೋಟವಾಯಿತು. ಅವ್ವ ಮೊಳಕಾಲು ನೋವಿಗೆಂದು ಬೆಳಿಗ್ಗೆ ಎದ್ದು ಹತ್ತು ಹಣ್ಣು ನುಂಗಿ, ಓಣಿಯ ಮುದುಕಿಯರಿಗೂ ಹಂಚಿ ಬರುತ್ತಿದ್ದಳು. ನಾವಿಬ್ಬರೂ ಅಡಿಗೆಮನೆಯಲ್ಲಿ ನಕ್ಕಿದ್ದೆವು. ಬೆಳೆದರೆ ಬೆಳೆಯಲಿ, ಹನಿ ಮಾತ್ರ ಹೊಸ್ತಿಲು ದಾಟದಿರಲಿ ಎಂದು ನಾನೂ ಸುಮ್ಮನಾಗಿದ್ದೆ.

ಹೋದ ಬೇಸಿಗೆಯಲ್ಲಿ ನೀವೂ ಮೆಹಬೂಬಣ್ಣನೂ ಕಟ್ಟೆಯ ಮೇಲೆ ಒಂದು ನೋಟ್‌ಬುಕ್ ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿದಂತಿದೆ. ತಾಳಿಕೋಟೆಯ ಅವರ ಗಾಡಿ, ನಮ್ಮ ತೋಟ, ಹೊರಗಿನ ಎಂಟು ಜನ, ಮೂರು ದಿನ. ನಮ್ಮ ಕಡೆಯ ಊಟ ಉಣ್ಣಿಸಬೇಕು, ನಮ್ಮ ಮಣ್ಣಿನ ವೈನು ತೋರಿಸಬೇಕು. ಇಂಡಿಯಲ್ಲಿ ಇಳಿದ ಕೂಡಲೇ ಲಿಂಬು ಶರಬತ್ತು. ಸಿಂದಗಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ತಾಳಿಕೋಟೆಯಲ್ಲಿ ಮೆಹಬೂಬಣ್ಣನ ಮನೆಯ ಬಾನು ಭಾಬಿಯ ಕೈಯ ಸಿಹಿ ಚೊಂಗೆ. ಮುದ್ದೇಬಿಹಾಳದಲ್ಲಿ ನಮ್ಮ ತವರಿನ ಪುಂಡಿಪಲ್ಲೆ. ಕೊನೆಗೆ ಬಾಗೇವಾಡಿಯಲ್ಲಿ ಗೋಧಿ ಹುಗ್ಗಿ. ಅದರ ಮುಂದೆ ನೀವೇ ಬರೆದಿದ್ದಿರಿ: "ಇಲ್ಲಿ ಬಾಟ್ಲಿ ತೆಗೆಯಬಾರದು. ಬಸವಣ್ಣನ ಊರು." ಕುಡಿಯದ ಲಿಂಗವಂತ, ಕುಡಿಯದ ಮುಸಲ್ಮಾನ, ಇಬ್ಬರೂ ಕೂಡಿ ಪರವೂರಿನವರಿಗೆ ಕುಡಿಸಲು ಹೊರಟಿದ್ದೀರಿ ಎಂದು ನಾನು ಛೇಡಿಸಿದ್ದೆ. ಮೆಹಬೂಬಣ್ಣ ಬಿಟ್ಟಾರೆಯೇ? "ವೈನಿ ಒಪ್ಪಿದ್ರ ವೈನು, ಇಲ್ಲಾಂದ್ರ ಬರೇ ಮಜ್ಜಿಗಿ ನೋಡ್ರಿ" ಎಂದರು. ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ಅವರು ನನ್ನನ್ನು ಮೊದಲಿನಿಂದಲೂ ವೈನಿ ಎಂದೇ ಕರೆಯುವುದು.

ಆಮೇಲೆ ಶ್ರಾವಣದ ಆ ಸೋಮವಾರ. ಗಿರಣಿಗೆ ಹಾಕಲು ಜೋಳ ತೆಗೆಯುತ್ತಿದ್ದೆ. ಕೈಗೆ ಗಾಜು ತಗುಲಿತು. ಒಂದಲ್ಲ, ಐದು ಬಾಟ್ಲಿ. ನಾಲ್ಕರ ಮುಚ್ಚಳ ಹಾಗೇ ಇತ್ತು. ಐದನೆಯದು ಮುಚ್ಚಳ ತೆರೆದದ್ದು, ಅರ್ಧ ಖಾಲಿ. ನನಗೆ ಕಂಡದ್ದು ನೀವಲ್ಲ, ನಮ್ಮಪ್ಪ. ಬಾಟ್ಲಿ ನಿಮ್ಮ ಮುಂದೆ ಇಟ್ಟೆ. "ನಾ ಕುಡದಿಲ್ಲ" ಎಂದಿರಿ. "ಮತ್ಯಾರು ಕುಡದ್ರು? ಇಲಿ ಕುಡದ್ವೇನು?" ಎಂದೆ. ನೀವು ಒಮ್ಮೆ ಒಳಗಿನ ಖೋಲಿಯ ಕಡೆ ನೋಡಿದಿರಿ. ಏನೋ ಹೇಳಲು ಬಂದು, "ಬಿಡ, ಆಗಿದ್ದ ಆಗೇತಿ" ಎಂದು ಪಂಜೆ ಕೊಡವಿ ಎದ್ದಿರಿ. ನಾನು ಹಿಂದಿನಿಂದ, "ನಮ್ಮಪ್ಪನೂ ಹಿಂಗ ಅಂತಿದ್ದ" ಎಂದೆ. ನಿಮಗೆ ನಾನಾಡಿದ ಕೊನೆಯ ಮಾತು ಅದು.

ಒಂಬತ್ತು ದಿನ ತಾಟು ಮುಂದೆ ತಳ್ಳಿ ಬಂದೆ. ರೊಟ್ಟಿ ಹಾಕಲೇ ಎಂದು ಕೇಳಲಿಲ್ಲ. ನೀವೇ ಎದ್ದು ಬಂದು ಬುಟ್ಟಿಯಿಂದ ತೆಗೆದುಕೊಂಡು ಹೋಗುತ್ತಿದ್ದಿರಿ. ಹತ್ತನೆಯ ದಿನ ತೋಟದಲ್ಲಿ ಎದೆ ಹಿಡಿದುಕೊಂಡು ಕೂತಿರಿ. ಅಷ್ಟೇ. ಆದರೆ ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆ ಒಂಬತ್ತು ದಿನದ ನಡುವೆ ನೀಲವ್ವನ ಮುಂದೆ ಬಾಯಿ ಬಿಟ್ಟಿದ್ದೆ. "ನಿಮ್ಮಣ್ಣನೂ ಕದ್ದು ಕುಡೀತಾನ" ಎಂದು ಅತ್ತು ಹೇಳಿದ್ದೆ. ಅವಳ ಕಿವಿಗೆ ಬಿದ್ದದ್ದು ಓಣಿಗೆ ಬೀಳದೆ ಇರುತ್ತದೆಯೇ? ನಿಮ್ಮನ್ನು ಮಣ್ಣು ಮಾಡಿ ಬಂದ ಸಂಜೆ ಕಟ್ಟೆಯ ಮೇಲೆ ಯಾರೋ ಅನ್ನುತ್ತಿದ್ದರು: "ಒಳಗಿಂದೊಳಗ ಕುಡೀತಿದ್ನಂತ, ಅದಕ್ಕ ಎದಿ ಒಡೀತು." ನೀರಿನ ಕೊಡ ಹಿಡಿದು ನಾನು ಅಲ್ಲೇ ನಿಂತಿದ್ದೆ. ಅಲ್ಲ ಎನ್ನಲಿಲ್ಲ. ನನಗೇ ಅಲ್ಲ ಅನ್ನಿಸಿರಲಿಲ್ಲವಲ್ಲ...

ಶಿವರಾತ್ರಿಯಾದ ಮೇಲೆ ಮೆಹಬೂಬಣ್ಣ ಆ ನೋಟ್‌ಬುಕ್ ತಂದುಕೊಟ್ಟರು. "ಎಂಟ ಮಂದಿ ಬರ್ತೇವಂತ ಕುಂತಾರ್ರಿ. ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ" ಎಂದರು. ಹಾಳೆ ತಿರುವಿದೆ. ಕೊನೆಯ ಹಾಳೆಯಲ್ಲಿ ನಿಮ್ಮ ಅಕ್ಷರ: "ತಾಂಬಾ. ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಬಾಟಲಿ ಜೋಳದಲ್ಲಿ ತಂಪಾಗಿರುತ್ತವೆ. ಬಿಸಿಲು ಬಹಳ, ವೈನಿಗೆ ತ್ರಾಸ ಆಗಬಾರದು." ಮೈ ಉರಿಯಿತು ನೋಡಿ. ಒಂಬತ್ತು ದಿನ ಮಾತಿಲ್ಲದೆ ಉರಿದ ಹೆಂಡತಿಯ ತ್ರಾಸು ಕಾಣದೆ ಹೋಯಿತು, ಬಿಸಿಲಿಗೆ ವೈನಿನ ತ್ರಾಸು ಕಂಡಿತಲ್ಲ ಈ ಮನುಷ್ಯನಿಗೆ! ಹಾಗೆಂದು ಕೂಗಿಯೂ ಬಿಟ್ಟೆ.

ಮೆಹಬೂಬಣ್ಣ ಮೊದಲು ನನ್ನ ಮುಖ ನೋಡಿದರು, ಆಮೇಲೆ ಹಾಳೆ ನೋಡಿದರು. ನಗಲು ಹೋದವರು ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡರು. "ವೈನಿ, ಅದು ಕುಡಿಯೂ ವೈನಲ್ರಿ. ಅದು ನೀವು. ಅಂವಾ ಬರೀಬೇಕಾದ್ರ ನಾನ ಬಾಜೂಕ ಇದ್ದೆ. ಎಂಟ ಮಂದಿಗಿ ಒಬ್ಬಾಕಿ ರೊಟ್ಟಿ ಬಡಿಯೂದು, ಒಲಿ ಮುಂದ ಕುಂದರೂದು, ನಮ್ಮ ವೈನಿಗಿ ತ್ರಾಸ ಆಗಬಾರದು, ರೊಟ್ಟಿ ಬಡಿಯಾಕ ಇಬ್ಬರನ್ನ ಕರೀರಿ ಅಂತ ನಾನ ಅಂದೆ. ನನ್ನ ಮಾತು ಹಂಗ ಬರಕೊಂಡ" ಎಂದರು. ಬಾಟ್ಲಿಯ ಮಾತನ್ನೂ ಅವರೇ ಹೇಳಿದರು. ಪ್ರತಿ ಸುಗ್ಗಿಗೆ ಕಂಪನಿಯವರು ಖುಷಿಯಿಂದ ಕೊಡುತ್ತಿದ್ದದ್ದಂತೆ. ಬೇಡ ಎನ್ನಲಾಗದೆ ತಂದು, ಮನೆಯಲ್ಲಿ ಹೇಳಲಾಗದೆ ಜೋಳದಲ್ಲಿ ಹುಗಿದು, ಬರುವ ಅತಿಥಿಗಳಿಗೆಂದು ಕೂಡಿಟ್ಟದ್ದಂತೆ. ಹೊಸ್ತಿಲು ದಾಟಿಸಿದ್ದು ತಪ್ಪೇ. ಅದನ್ನು ನಾನೀಗಲೂ ತಪ್ಪೇ ಎನ್ನುತ್ತೇನೆ. ಆದರೆ ಮುಚ್ಚಳ ತೆರೆದ ಬಾಟ್ಲಿಯ ಬಗ್ಗೆ ಅವರಿಗೂ ಗೊತ್ತಿರಲಿಲ್ಲ.

ಅದು ಬಯಲಾದದ್ದು ಮರುದಿನ. ಆ ಸೋಮವಾರ ನೀವು ತಿರುಗಿ ಹುಗಿದಿಟ್ಟ, ಆಮೇಲೆ ನಾನು ಮುಟ್ಟದೆ ಬಿಟ್ಟ ಬಾಟ್ಲಿಗಳನ್ನು ತೋಟದ ಶೆಡ್ಡಿಗೆ ಸಾಗಿಸೋಣವೆಂದು ಜೋಳದಿಂದ ಹೊರಗೆ ತೆಗೆದಿದ್ದೆ. ಬಳ್ಳೊಳ್ಳಿ ಸುಲಿಯುತ್ತಿದ್ದ ನಿಮ್ಮವ್ವ ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯ, ಔಷಧಿ ಇನ್ನ ಐತೇನ? ಒಂದ ಚಮಚಾ ಹಾಕ ಬಾ, ಮೊಳಕಾಲ ಭಾಳ ಹಿಡದಾವ" ಎಂದಳು. ಅದು ನಿಮಗೆಲ್ಲಿ ಸಿಕ್ಕಿತ್ತು ಎಂದು ಕೇಳಿದೆ. ಭಿಕ್ಷಕ್ಕೆ ಬಂದ ಅಯ್ಯನವರಿಗೆ ಜೋಳ ನೀಡಲು ಹೋದಾಗ ಸಿಕ್ಕಿತಂತೆ. ಮುಚ್ಚಳ ತಿರುವಿದರೆ ಬಂತಂತೆ. ಮಗನ ತೋಟದ ಔಷಧಿಯಲ್ಲವೇ? ದಿನಾ ಪೂಜೆ ಮುಗಿಸಿ ಒಂದು ಚಮಚ. "ಅಂವಾ ಒಂದಿನ ನೋಡಿದ. 'ಅವ್ವಾ, ಇನ್ನ ಸಾಕು, ಯಾರ ಮುಂದೂ ಹೇಳಬ್ಯಾಡ' ಅಂದ. ಯಾಕಂತ ತಿಳೀಲಿಲ್ಲ ನನಗ" ಎಂದಳು.

ಯಾಕೆ ಎಂದು ನನಗೆ ತಿಳಿಯಿತು. ತಾನು ನುಂಗಿದ್ದು ಏನೆಂದು ಗೊತ್ತಾದರೆ ಆ ಜೀವ ಆವತ್ತೇ ಅನ್ನ ನೀರು ಬಿಡುತ್ತಿತ್ತು. ನನ್ನ ಮುಂದೆ ಹೇಳಿದರೆ ಸಿಟ್ಟಿನ ಭರದಲ್ಲಿ ನಾನು ಆಡಿಬಿಡುತ್ತೇನೆ ಎಂದು ಹೆದರಿದಿರಾ? ಹೆದರಿದ್ದು ಸರಿಯೇ. ನೀಲವ್ವನ ಮುಂದೆ ಆಡಲಿಲ್ಲವೇ ನಾನು? ಅದಕ್ಕೇ ನೀವು ಕುಡುಕನೆಂಬ ಹೆಸರು ಹೊತ್ತುಕೊಂಡು, ನಿಮ್ಮ ರೊಟ್ಟಿ ನೀವೇ ತೆಗೆದುಕೊಂಡು ಉಂಡಿರಿ. ನನಗೊಂದು ಮಾತು, ಕಿವಿಯಲ್ಲಿ, ಒಂದೇ ಒಂದು ಮಾತು ಹೇಳಿದ್ದರೆ... ನಿಮ್ಮ ಮೇಲೂ ಸಿಟ್ಟಿದೆ ನನಗೆ, ಇಲ್ಲವೆನ್ನುವುದಿಲ್ಲ. ನನ್ನ ಮೇಲಿರುವ ಸಿಟ್ಟಿನ ಮುಂದೆ ಅದು ಏನೂ ಅಲ್ಲ.

ಆವತ್ತಿನಿಂದ ಒಂದೇ ಚಿಂತೆ. ನಿಮ್ಮ ಹೆಸರು ಕೆಡಿಸಿದ್ದು ನನ್ನ ಬಾಯಿ, ಅದನ್ನು ತೊಳೆಯಬೇಕಾದದ್ದೂ ಅದೇ ಬಾಯಿ. ಆದರೆ ಅವ್ವನ ಹೆಸರು ಬಾರದಂತೆ ತೊಳೆಯುವುದು ಹೇಗೆ? ನೀಲವ್ವನಿಗೆ ಹೋಗಿ "ನಿಮ್ಮಣ್ಣ ಕುಡದಿಲ್ಲ" ಎಂದರೆ, "ಮತ್ಯಾರು?" ಎಂದು ನಾನು ಕೇಳಿದ ಪ್ರಶ್ನೆಯನ್ನೇ ನನಗೆ ಕೇಳುತ್ತಾಳೆ. ಮೆಹಬೂಬಣ್ಣ ದಿನಾ ಫೋನು ಮಾಡುತ್ತಿದ್ದರು. ಕೊನೆಗೆ ಹೂಂ ಎಂದೆ. ಊಟ ಮನೆಯಲ್ಲಿ, ಬಾಟ್ಲಿ ಶೆಡ್ಡಿನಲ್ಲಿ, ನಡುವೆ ನಮ್ಮ ಹೊಸ್ತಿಲು. ಕೊನೆಯ ನಾಲ್ಕು ಸಾಲಿನ ಹಣ್ಣು ಅವರು ನೋಡಲೆಂದು ಕೊಯ್ಯದೆ ಬಿಟ್ಟಿದ್ದೇನೆ. ಅವ್ವನಿಗೆ ಅದೇ ಹಣ್ಣಿನ ರಸ ತೆಗೆದು, ಬೆಲ್ಲ, ಮೆಣಸು ಹಾಕಿ ಕುದಿಸಿ ಬಾಟ್ಲಿಗೆ ತುಂಬಿ ಕೊಟ್ಟೆ. ನಿಮ್ಮ ಸುಳ್ಳನ್ನು ಅಷ್ಟರಮಟ್ಟಿಗೆ ನಿಜ ಮಾಡಿದ್ದೇನೆ. "ಮೊದಲಿಂದು ಇದಕ್ಕಿಂತ ಛಲೋ ಇತ್ತ ಬಿಡ" ಎಂದಳು ಮಹಾತಾಯಿ.

ನಿನ್ನೆ ಮಧ್ಯಾಹ್ನ ನಡೆದದ್ದನ್ನು ಹೇಳಲೆಂದೇ ಇಷ್ಟು ಬರೆದೆ. ಹೊರಗಿನವರಿಗಿಂತ ಮೊದಲು ನಮ್ಮವರಿಗೆ ಉಣ್ಣಿಸಿ ನೋಡೋಣ ಎಂದರು ಮೆಹಬೂಬಣ್ಣ. ನೀಲವ್ವ ಬಂದಿದ್ದಳು, ಓಣಿಯ ಹೆಂಗಸರು ಬಂದಿದ್ದರು. ನೀವು ಬರೆದ ಹಾಗೆ ವೈನಿಗೆ ತ್ರಾಸ ಆಗಬಾರದೆಂದು ರೊಟ್ಟಿ ಬಡಿಯಲು ಇಬ್ಬರನ್ನು ಕರೆದಿದ್ದೆ. ಎಣ್ಣೆಗಾಯಿ ಬಡಿಸುತ್ತ ನೀಲವ್ವನ ಹತ್ತಿರ ಬಂದಾಗ ಆಕೆ ತೋಟದ ಕಡೆ ನೋಡಿ, ಮೆಲ್ಲಗೆ, "ಹಾಳಾದ ದ್ರಾಕ್ಷಿ, ನಮ್ಮಣ್ಣನ್ನ ತಿಂದ್ವು" ಎಂದಳು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಒಡಪು ಮುತ್ತೈದೆಯರು ಹೇಳುವಂಥದ್ದು, ಗಂಡ ಸತ್ತವಳು ಹೇಳಿದ್ದು ಯಾರೂ ಕೇಳಿಲ್ಲ. ಗೊತ್ತಿತ್ತು ನನಗೆ. ಆ ಹೊತ್ತಿಗೆ ಬಾಯಿ ಒಣಗಲಿಲ್ಲ.

"ಬಳ್ಳಿ ತುಂಬ ತೂಗ್ಯಾವ ಸಣ್ಣ ಕರಿ ದ್ರಾಕ್ಷಿ,
ಹನಿ ಸೈತ ಮುಟ್ಟದ ಶರಣಪ್ಪನವರಿಗೆ ನಾನ ಸಾಕ್ಷಿ."

ರೊಟ್ಟಿ ಮುರಿಯುವ ಸದ್ದೂ ನಿಂತಿತು. ನೀಲವ್ವ ಎಡಗೈಯಿಂದ ನನ್ನ ಸೀರೆಯ ನಿರಿಗೆ ಹಿಡಿದುಕೊಂಡು ಅಳತೊಡಗಿದಳು. "ಮತ್ಯಾರು?" ಎಂದು ಕೇಳಲಿಲ್ಲ. ಮೂಲೆಯಲ್ಲಿ ಕೂತ ಅವ್ವ, ಕಿವಿ ಮಂದ ನೋಡಿ, "ಏನಂದಳಬೇ ಅಕಿ?" ಎಂದಳು. "ನಿನ್ನ ಮಗನ ಹೆಸರ ಹೇಳಿದಳು" ಎಂದರು ಯಾರೋ. "ಹೌದಾ? ಕೇಳಸಲಿಲ್ಲ. ಇನ್ನೊಮ್ಮೆ ಹೇಳ ತಂಗಿ" ಎಂದಳು. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.

ಬರುವ ಭಾನುವಾರ ಆ ಎಂಟು ಜನ ಬರುತ್ತಾರೆ. ಈ ತೋಟ ಯಾರದ್ದೆಂದು ಕೇಳಿಯೇ ಕೇಳುತ್ತಾರೆ. ಈ ಸಲ ಮೆಹಬೂಬಣ್ಣನ ಮುಖ ನೋಡುವುದಿಲ್ಲ, ರೀ.

ನಿಮ್ಮ
ಗೌರವ್ವ